ಬಾಟಲಿಯ ಮೇಲೆ ವೆರುಕೋಸಸ್, ಹೊಸ ಪಟ್ಟಿಯಲ್ಲಿ ಹಿಮಾಲಯಾನಸ್: ಲೇಬಲ್ ಬದಲಿಸಬೇಕಾ?

ಲ್ಯಾಬ್_ಅಕ್ಕ_ಉಡುಪಿ
ಉಡುಪಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಈ ಮಳೆಗಾಲದಲ್ಲಿ ಮ್ಯೂಸಿಯಂ ಕೋಣೆಯ ಲೇಬಲ್‌ಗಳಿಗೆಲ್ಲ ಬೂಷ್ಟು ಹಿಡಿದಿದೆ. ಎಲ್ಲವನ್ನೂ ಹೊಸದಾಗಿ ಬರೆಯಲು ಹೇಳಿದ್ದಾರೆ. ಏಡಿ, ನಕ್ಷತ್ರ ಮೀನು, ತೊರಕೆ ಮೀನು ಎಲ್ಲ ಸಲೀಸಾಗಿ ಮುಗಿಯಿತು. ಒಂದು ಬಾಟಲಿಯ ಹತ್ತಿರ ಬಂದಾಗ ಚರ್ಚೆ ಶುರುವಾಯಿತು, ಇನ್ನೂ ನಿಂತಿಲ್ಲ.

ಒಳಗಿರುವುದು ನೋಡಲು ಹಲ್ಲಿಯ ಥರ, ಗೇಣಿಗಿಂತ ಸ್ವಲ್ಪ ಚಿಕ್ಕದು. ತಲೆ ಅಗಲ, ಚಪ್ಪಟೆ. ಬೆನ್ನಿನ ಎರಡೂ ಬದಿಯಲ್ಲಿ ಗುಂಡಗಿನ ಗಂಟುಗಳ ಸಾಲು. ಬಣ್ಣ ಪೂರ್ತಿ ಹೋಗಿ ಬೇಯಿಸಿದ ಹಲಸಿನ ಬೀಜದ ಹಾಗಾಗಿದೆ. ಹೊರಗಿನ ಲೇಬಲ್‌ನಲ್ಲಿ 'ಟೈಲೋಟೋಟ್ರೈಟನ್ ವೆರುಕೋಸಸ್, ಹಿಮಾಲಯನ್ ನ್ಯೂಟ್' ಅಂತ ಟೈಪ್ ಮಾಡಿದ್ದಾರೆ. ನ್ಯೂಟ್ ಅಂದರೆ ಸಾಲಮಾಂಡರ್ ವಂಶದ್ದು, ಬಾಲ ಇರುವ ಉಭಯಚರ. ಊರಿನ ಹೆಸರಿಲ್ಲ.

ಹೊಸದಾಗಿ ಬಂದ ಲೆಕ್ಚರರ್ ಈಗ ಇದರ ಹೆಸರು ಹಿಮಾಲಯಾನಸ್, ಹಾಗೇ ಬರೆಯಿರಿ ಅನ್ನುತ್ತಾರೆ. ಎಚ್‌ಒಡಿ ಸರ್ ಪಠ್ಯದಲ್ಲಿ ವೆರುಕೋಸಸ್ ಅಂತಲೇ ಇದೆ, ಪ್ರಾಕ್ಟಿಕಲ್ ಪರೀಕ್ಷೆಗೆ ಸ್ಪಾಟರ್ (ನೋಡಿ ಹೆಸರು ಬರೆಯುವ ಮಾದರಿ) ಇಡುವುದು ಇದನ್ನೇ, ಹುಡುಗರ ತಲೆ ಕೆಡಿಸಬೇಡಿ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ?

ಪಣಂಬೂರು_ಪಕ್ಕ
ಸತ್ತು ಬಾಟಲಿ ಸೇರಿದ ಮೇಲೂ ಅದಕ್ಕೆ ನೆಮ್ಮದಿ ಇಲ್ವಾ ಮಾರಾಯ್ರೆ 😄

ಕಪ್ಪೆ_ಭಟ್ರು
ಇಬ್ಬರ ಮಾತೂ ಈಗಲೇ ಕೇಳಬೇಡಿ ಅಕ್ಕ. ಮೊದಲು ಕಥೆ ಕೇಳಿ.

ವೆರುಕೋಸಸ್ ಎಂಬ ಹೆಸರು ಹುಟ್ಟಿದ್ದು ಹಿಮಾಲಯದಲ್ಲಿ ಅಲ್ಲವೇ ಅಲ್ಲ. ಜಾನ್ ಆಂಡರ್ಸನ್ ಅಂತ ಒಬ್ಬರಿದ್ದರು, ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು. 1868ರಲ್ಲಿ ಬರ್ಮಾದ ಭಾಮೋ ದಾರಿಯಲ್ಲಿ ಚೀನಾದ ಯುನ್ನಾನ್‌ಗೆ ಹೋದ ತಂಡದಲ್ಲಿ ಅವರೂ ಇದ್ದರು. ಪಶ್ಚಿಮ ಯುನ್ನಾನ್‌ನಲ್ಲಿ ಸಿಕ್ಕಿದ ನ್ಯೂಟ್‌ಗೆ 1871ರಲ್ಲಿ ಹೊಸ ಜೀನಸ್ಸನ್ನೇ (ಹತ್ತಿರದ ಪ್ರಭೇದಗಳ ಗುಂಪು) ಮಾಡಿ ಈ ಹೆಸರು ಇಟ್ಟರು. ಆಮೇಲೆ ಡಾರ್ಜಿಲಿಂಗ್, ಸಿಕ್ಕಿಂ, ನೇಪಾಳ, ಬರ್ಮಾ, ಥಾಯ್ಲೆಂಡ್ ಎಲ್ಲಿ ಗಂಟು ಬೆನ್ನಿನ ಕಂದು ನ್ಯೂಟ್ ಸಿಕ್ಕಿದರೂ ಅದೇ ಹೆಸರಿನೊಳಗೆ ತುಂಬಿಸಿದರು. ನೂರು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ನಮ್ಮ ಪಠ್ಯಪುಸ್ತಕಗಳು ಬರೆದದ್ದು ಆ ಕಾಲದಲ್ಲಿ.

ಆಮೇಲೆ ಒಂದೊಂದೇ ಬೇರೆಯಾಯಿತು. 1995ರಲ್ಲಿ ಯುನ್ನಾನ್‌ನ ಕಿತ್ತಳೆ ಗಂಟಿನದ್ದು ಶಾಂಜಿಂಗ್ ಆಯಿತು. 2013ರಲ್ಲಿ ಥಾಯ್ಲೆಂಡಿನದ್ದು ಉಯೆನೋಯಿ. 2014ರಲ್ಲಿ ಬರ್ಮಾದ ಶಾನ್ ಬೆಟ್ಟದ್ದು ಶಾನೋರಮ್. 2015ರಲ್ಲಿ ಪೂರ್ವ ನೇಪಾಳದ್ದನ್ನು ಹಿಮಾಲಯಾನಸ್ ಅಂತ ಕರೆದರು. ಡಾರ್ಜಿಲಿಂಗ್ ಬೆಟ್ಟದ್ದೂ ಅದರ ಜೊತೆಗೇ ಹೋಯಿತು. ಹಳೇ ಹೆಸರು ಆಂಡರ್ಸನ್ ಹಿಡಿದ ಊರಿನ ಪ್ರಾಣಿಗೇ ಉಳಿಯಬೇಕು. ಅದು ನಿಯಮ.

ಅಂದರೆ ನಿಮ್ಮ ಬಾಟಲಿಯದ್ದು ಯಾವುದು ಅಂತ ಹೇಳಬೇಕಾದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಒಳಗೆ ಚೀಟಿ ಇದೆಯಾ ನೋಡಿ.

ನಿವೃತ್ತ_ಮೇಷ್ಟ್ರು_ಪುತ್ತೂರು
ನಾನು ಬಹಳ ವರ್ಷ ಪಾಠ ಮಾಡಿದವನು. ಮೂರು ಜನ ಸೇರಿದರೆ ಒಂದು ಹೊಸ ಪ್ರಭೇದ ಹುಟ್ಟುವ ಕಾಲ ಇದು. ಡಿಎನ್‌ಎಯಲ್ಲಿ ಅಷ್ಟೋ ಇಷ್ಟೋ ವ್ಯತ್ಯಾಸ ಕಂಡರೆ ಸಾಕು, ಹೆಸರು, ಪೇಪರು, ಪ್ರಮೋಶನ್ನು. ಮೊದಲು ಈ ಜೀನಸ್‌ನಲ್ಲಿ ಬೆರಳೆಣಿಕೆಯಷ್ಟು ಇದ್ದವು, ಈಗ ಮೂವತ್ತು ದಾಟಿವೆ. ಪ್ರಾಣಿ ಜಾಸ್ತಿ ಆಗಿಲ್ಲ, ಹೆಸರು ಜಾಸ್ತಿ ಆಗಿದೆ. ಎಚ್‌ಒಡಿಯವರು ಹೇಳಿದ್ದೇ ಸರಿ.

ಇನ್ನೊಂದು. ಅದು ಹಿಮಾಲಯದ್ದೇ ಅಂತ ಏನು ಗ್ಯಾರಂಟಿ? ಆ ಕಾಲದಲ್ಲಿ ಕಾಲೇಜುಗಳಿಗೆ ಯುರೋಪಿನ ಸಾಲಮಾಂಡ್ರವೂ ಬರುತ್ತಿತ್ತು.

ಕಪ್ಪೆ_ಭಟ್ರು
ಮೇಷ್ಟ್ರೇ, ಯುರೋಪಿನದ್ದಕ್ಕೆ ಬಾಲ ಹೆಚ್ಚುಕಡಿಮೆ ದುಂಡಗೆ, ಚರ್ಮ ನಯ, ಕಣ್ಣಿನ ಹಿಂದೆ ದಪ್ಪ ವಿಷದ ಗ್ರಂಥಿ. ಇದರ ಬಾಲ ಎರಡೂ ಬದಿಯಿಂದ ಒತ್ತಿದ ಹಾಗೆ ಇರುತ್ತದೆ, ಚರ್ಮ ಒರಟು, ತಲೆಯ ಎರಡೂ ಅಂಚಿನಲ್ಲಿ ಎಲುಬಿನ ಏಣು. ಅಕ್ಕ ಬರೆದ ಗಂಟಿನ ಸಾಲು ಸಾಲಮಾಂಡ್ರಕ್ಕೆ ಇಲ್ಲ.

ಲ್ಯಾಬ್_ಅಕ್ಕ_ಉಡುಪಿ
ಈಗಷ್ಟೇ ನೋಡಿ ಬಂದೆ. ಬಾಲ ಚಪ್ಪಟೆಯೇ. ತಲೆಯ ಮೇಲೆ ಏಣೂ ಇದೆ, ನಡುಬೆನ್ನಿನಲ್ಲೂ ಉದ್ದಕ್ಕೆ ಒಂದು. ಒಳಗೆ ಚೀಟಿ ಕಾಣುತ್ತಿದೆ, ಪ್ರಾಣಿಯ ಹೊಟ್ಟೆಯ ಅಡಿಗೆ ಸಿಕ್ಕಿಕೊಂಡಿದೆ. ಮುಚ್ಚಳಕ್ಕೆ ಮೇಣ ಹಾಕಿ ಬಿಗಿದಿದ್ದಾರೆ. ನಾಳೆ ತೆಗೆಸುತ್ತೇನೆ.

ಆಗುಂಬೆ_ಮಳೆ
ನೀವು ಹಿಮಾಲಯಕ್ಕೆ ಯಾಕೆ ಹೋಗುತ್ತೀರಿ? ನಮ್ಮ ಘಟ್ಟದಲ್ಲೇ ಸಾಲಮಾಂಡರ್ ಇದೆ. ಆಗುಂಬೆ ಹತ್ತಿರ ನೀರು ಜಿನುಗುವ ಬಂಡೆಯ ಮೇಲೆ ಕಣ್ಣಾರೆ ನೋಡಿದ್ದೇನೆ. ಬಾಲ ಇತ್ತು, ಕಾಲು ಇತ್ತು, ಒದ್ದೆ ಚರ್ಮ. ಹಲ್ಲಿ ಅಲ್ಲ, ಖಂಡಿತ.

ಗೋಳಿಬಜೆ
ಮುಂದಿನ ಕಾಲು ಇತ್ತಾ ಅಥವಾ ಹಿಂದಿನದ್ದು ಮಾತ್ರವಾ?

ಆಗುಂಬೆ_ಮಳೆ
ಹಿಂದಿನದ್ದು ಚೆನ್ನಾಗಿ ಕಂಡಿತು. ಹತ್ತಿರ ಹೋದರೆ ಟಣ್ಣನೆ ಹಾರಿತು.

ಗೋಳಿಬಜೆ
ಹಾಗಾದರೆ ಅದು ಇಂಡಿರಾನಾ ಕಪ್ಪೆಯ ಗೊದಮೊಟ್ಟೆ. ಘಟ್ಟದ ಕಪ್ಪೆ ಇದು. ಇದರ ಮರಿಗಳು ಕೆರೆಯಲ್ಲಿ ಇರುವುದಿಲ್ಲ, ಒದ್ದೆ ಬಂಡೆಗೆ ಅಂಟಿಕೊಂಡು ಪಾಚಿ ತಿಂದು ಬೆಳೆಯುತ್ತವೆ. ಹಿಂಗಾಲು ಬೇಗ ಬಂದುಬಿಡುತ್ತದೆ, ಬಾಲ ಉದ್ದ, ಮುಟ್ಟಲು ಹೋದರೆ ಜಿಗಿಯುತ್ತವೆ. ನ್ಯೂಟ್ ಎಲ್ಲಿ ಹಾರುತ್ತದೆ? ಅದು ನಡೆಯುವುದೂ ನಿಧಾನ. ಮಳೆಗಾಲದಲ್ಲಿ ಘಾಟಿಯ ತಿರುವಿನಲ್ಲಿ ನೀರು ಇಳಿಯುವ ಗೋಡೆಗಳನ್ನು ಟಾರ್ಚ್ ಹಾಕಿ ನೋಡಿ, ಬೇಕಾದಷ್ಟು ಸಿಗುತ್ತವೆ.

ಆಗುಂಬೆ_ಮಳೆ
ಫೋಟೋ ತೆಗೆದು ಹಾಕುತ್ತೇನೆ, ಆಗ ಮಾತಾಡುವ.

ಕಪ್ಪೆ_ಭಟ್ರು
ಹಾಕಿ. ಆದರೆ ಪಶ್ಚಿಮ ಘಟ್ಟದಲ್ಲಿ ಬಾಲದ ಉಭಯಚರ ಒಂದೂ ಇಲ್ಲ. ಸಾಲಮಾಂಡರ್ ವಂಶವೆಲ್ಲ ಉತ್ತರದ ಭೂಖಂಡಗಳದ್ದು. ಭಾರತ ಬೇರೆ ಭೂಭಾಗವಾಗಿ ತೇಲಿ ಬಂದು ಏಷ್ಯಾಕ್ಕೆ ತಾಗಿದ್ದು, ಅವು ಈಶಾನ್ಯದ ಬೆಟ್ಟಗಳವರೆಗೆ ಬಂದು ನಿಂತವು. ಈ ಇಡೀ ಜೀನಸ್‌ನ ಪಶ್ಚಿಮದ ಕೊನೆ ಅಂದರೆ ಪೂರ್ವ ನೇಪಾಳ. ನಮ್ಮ ಪಾಲಿಗೆ ಬಂದದ್ದು ಕಪ್ಪೆ ಮತ್ತು ಕಾಲಿಲ್ಲದ ಸಿಸಿಲಿಯನ್.

ಅಕ್ವೇರಿಯಂ_ಅಣ್ಣ
ಸ್ವಲ್ಪ ಬೇರೆ ವಿಷಯ. ಹೊಟ್ಟೆ ಕೆಂಪಗಿರುವ ಚೀನಾದ ನ್ಯೂಟ್ ತರಿಸಿ ಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಮಂಗಳೂರಿನ ಸೆಕೆಗೆ ಬದುಕುತ್ತದಾ? ಅದರ ಹೆಸರೂ ಒಂದು ಕಡೆ ಸೈನಾಪ್ಸ್, ಇನ್ನೊಂದು ಕಡೆ ಹಿಪ್ಸೆಲೋಟ್ರೈಟನ್ ಅಂತ ಇದೆ. ಎರಡೂ ಒಂದೇನಾ?

ಗೋಳಿಬಜೆ
ಎರಡೂ ಒಂದೇ ಪ್ರಾಣಿ. ಜಪಾನಿನವನ್ನು ಸೈನಾಪ್ಸ್ ಅಂತ ಇಟ್ಟುಕೊಂಡು ಚೀನಾದವನ್ನು ಬೇರೆ ಜೀನಸ್ ಮಾಡಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಬದುಕುತ್ತದಾ ಅಂದರೆ, ತಣ್ಣೀರಿನ ಪ್ರಾಣಿ. ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕಿಯ ನೀರಲ್ಲಿ ಅದಕ್ಕೆ ಉಳಿಗಾಲ ಇಲ್ಲ. ತರಬೇಡಿ.

ನೇತ್ರಾವತಿ_ದಂಡೆ
ಸೆಕೆ ಬಿಡಿ, ದೊಡ್ಡ ವಿಷಯ ರೋಗದ್ದು. ಬಿಸಾಲ್ ಅಂತ ಒಂದು ಶಿಲೀಂಧ್ರ ಉಂಟು. ನೆದರ್ಲೆಂಡ್ಸ್‌ನಲ್ಲಿ ಸಾಲಮಾಂಡರ್‌ಗಳು ಚರ್ಮ ಕೊಳೆತು ಸತ್ತಾಗ ಹುಡುಕಿ 2013ರಲ್ಲಿ ಹೆಸರಿಟ್ಟರು. ಮೂಲ ಏಷ್ಯಾ. ಇಲ್ಲಿಯ ನ್ಯೂಟ್‌ಗಳು ಅದನ್ನು ಹೊತ್ತುಕೊಂಡೂ ಬದುಕುತ್ತವೆ, ಅಲ್ಲಿಯವು ಸಾಯುತ್ತವೆ. ಸಾಕುಪ್ರಾಣಿ ವ್ಯಾಪಾರದಲ್ಲಿ ಹೋಯಿತು ಅಂತ ಲೆಕ್ಕ. ಅಮೆರಿಕ 2016ರಲ್ಲಿ 201 ಪ್ರಭೇದಗಳನ್ನು ತರಿಸುವುದನ್ನೇ ನಿಲ್ಲಿಸಿತು.

ಹೆಸರು ಯಾಕೆ ಒಡೆಯಬೇಕು ಅಂತ ಮೇಷ್ಟ್ರು ತೆಗೆದ ತಕರಾರಿಗೂ ಇಲ್ಲೇ ಉತ್ತರ ಇದೆ. ಯಾವುದು ಯಾವುದರಿಂದ ಬೇರೆ ಅಂತ ಗೊತ್ತಿಲ್ಲದಿದ್ದರೆ ಯಾವುದನ್ನು ನಿಲ್ಲಿಸುತ್ತೀರಿ?

ನಿವೃತ್ತ_ಮೇಷ್ಟ್ರು_ಪುತ್ತೂರು
ನಿಲ್ಲಿಸಲು ಹೆಸರು ಒಡೆಯಬೇಕಾಗಿಲ್ಲ. ಎಲ್ಲ ನ್ಯೂಟ್ ಬೇಡ ಅಂದರೆ ಆಯಿತು.

ನೇತ್ರಾವತಿ_ದಂಡೆ
ಅದನ್ನೇ ಮಾಡಿದ್ದಾರೆ ಸರ್, ತಮಾಷೆ ಅಂದರೆ ಅದೇ. 2019ರಲ್ಲಿ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಟೈಲೋಟೋಟ್ರೈಟನ್ ಇಡೀ ಜೀನಸ್ಸನ್ನೇ ಸೇರಿಸಿದರು. ಇಡೀ ಜೀನಸ್ ಇದ್ದರೆ ನಾಳೆ ಇನ್ನೊಂದು ಹೊಸ ಹೆಸರು ಬಂದರೂ ಅದು ಪಟ್ಟಿಯ ಒಳಗೇ ಇರುತ್ತದೆ. ನಮ್ಮ ದೇಶದ 1972ರ ವನ್ಯಜೀವಿ ಕಾಯ್ದೆಯ ಹಳೇ ಪಟ್ಟಿ ಹಾಗಿರಲಿಲ್ಲ. ಅಲ್ಲಿ ಹಿಮಾಲಯನ್ ನ್ಯೂಟ್ ಅಂತ ಬರೆದು ಪಕ್ಕದಲ್ಲಿ ವೆರುಕೋಸಸ್ ಅಂತ ಹಾಕಿದ್ದರು. ಡಾರ್ಜಿಲಿಂಗ್‌ನ ಪ್ರಾಣಿ ಹಿಮಾಲಯಾನಸ್ ಆದ ಮೇಲೆ, ಯಾರಾದರೂ ಹಿಡಿದು ಮಾರಿ ಸಿಕ್ಕಿಬಿದ್ದರೆ 'ನಾನು ಹಿಡಿದದ್ದು ಪಟ್ಟಿಯಲ್ಲಿರುವುದಲ್ಲ' ಅಂತ ವಕೀಲರು ವಾದ ಹೂಡಬಹುದಿತ್ತಲ್ವಾ?

ಕೊಡಿಯಾಲ್_ವಕೀಲ
ಹೂಡಬಹುದಿತ್ತು, ಗೆಲ್ಲುವುದು ಕಷ್ಟ. ಪಕ್ಕದಲ್ಲೇ ಸಾಮಾನ್ಯ ಹೆಸರೂ ಇತ್ತಲ್ಲ. ಆದರೆ ವಾದ ಹೂಡಿ ಎರಡು ವರ್ಷ ಎಳೆಯಬಹುದಿತ್ತು ಅನ್ನುವುದು ನಿಜ. ಅಕ್ಕ, ನಿಮ್ಮ ಬಾಟಲಿ ಯಾವ ವರ್ಷ ಬಂತು ಅಂತ ಸ್ಟಾಕ್ ರಿಜಿಸ್ಟರ್‌ನಲ್ಲಿ ನೋಡಿ, ಆ ಪುಟದ ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ಪಟ್ಟಿಯಲ್ಲಿರುವ ಪ್ರಾಣಿ, ಎಲ್ಲಿಂದ ಬಂತು ಅಂತ ಕೇಳಿದರೆ ಕಾಗದ ಬೇಕು.

ಪಣಂಬೂರು_ಪಕ್ಕ
ಲೇಬಲ್ ಕೇಳಲು ಬಂದ ಅಕ್ಕನನ್ನು ಕೋರ್ಟಿಗೆ ಎಳೆದರು ನೋಡಿ.

ಕಪ್ಪೆ_ಭಟ್ರು
ಮೇಷ್ಟ್ರೇ, ಹೆಸರು ಒಡೆಯುವುದರಲ್ಲಿ ಅತಿ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಇದರಲ್ಲಿ ಒಡೆದದ್ದಕ್ಕೆ ಕಾರಣ ಇದೆ. ವೆರುಕೋಸಸ್ ಅಂದರೆ ನೇಪಾಳದಿಂದ ಥಾಯ್ಲೆಂಡ್‌ವರೆಗೆ ಇದೆ ಅಂತ ನಕ್ಷೆಯಲ್ಲಿ ದೊಡ್ಡ ಬಣ್ಣ ಬಳಿದಿದ್ದರು. ಅಷ್ಟು ಕಡೆ ಇರುವ ಪ್ರಾಣಿಗೆ ಏನಾಗುತ್ತದೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಸಿಕ್ಕಿದ್ದು ಚಿಕ್ಕ ಚಿಕ್ಕ ಜಾಗ. ಹಿಮಾಲಯಾನಸ್‌ಗೆ ಪೂರ್ವ ನೇಪಾಳದ ಇಲಾಮ್ ಕಡೆ, ಡಾರ್ಜಿಲಿಂಗ್ ಕಡೆಯ ಬೆಟ್ಟ, ಅಲ್ಲಿಯ ಹೊಂಡಗಳು.

ಆ ಹೊಂಡಗಳನ್ನು ನೋಡಿದರೆ ನಿಮಗೆ ಅರ್ಥ ಆಗುತ್ತದೆ. ಜೋರೆಪೋಖರಿ ಅಂತ ಡಾರ್ಜಿಲಿಂಗ್ ಹತ್ತಿರ ಸುಖಿಯಾಪೋಖರಿ ಪಕ್ಕ ಇದೆ, ಈ ನ್ಯೂಟ್‌ಗಾಗಿಯೇ ಮಾಡಿದ ಅಭಯಾರಣ್ಯ. ಇಡೀ ಅಭಯಾರಣ್ಯ 0.04 ಚದರ ಕಿಲೋಮೀಟರ್, ಅಂದರೆ ಹತ್ತು ಎಕರೆ. ನಮ್ಮಲ್ಲಿ ಒಬ್ಬರ ಅಡಿಕೆ ತೋಟ ಅದಕ್ಕಿಂತ ದೊಡ್ಡದಿರುತ್ತದೆ. ಮಳೆ ಶುರುವಾದಾಗ ಇವು ಬೆಟ್ಟದಿಂದ ಇಳಿದು ನೀರಿಗೆ ಬರುತ್ತವೆ, ನೀರಿನ ಗಿಡಗಳಿಗೆ ಮೊಟ್ಟೆ ಅಂಟಿಸುತ್ತವೆ. ಚಳಿಗೆ ಕಲ್ಲಿನಡಿ, ಮರದ ಬೊಡ್ಡೆಯಡಿ ಸೇರಿಕೊಳ್ಳುತ್ತವೆ. ಹೊಂಡದ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಿ ಚಂದ ಮಾಡಿದರೆ ಹತ್ತಿ ಬರಲು ದಾರಿಯೇ ಇರುವುದಿಲ್ಲ.

ಮಲ್ಪೆ_ಮಾಣಿ
ಮೀನು ಬಿಟ್ಟರೂ ಮುಗಿಯಿತು. ಚೀನಾದ ಕುನ್ಮಿಂಗ್‌ನ ದಿಯಾನ್‌ಚಿ ಸರೋವರದಲ್ಲಿ ವೊಲ್ಟರ್ಸ್‌ಟಾರ್ಫೈ ಅಂತ ಒಂದು ನ್ಯೂಟ್ ಇತ್ತು, ಬೇರೆ ಎಲ್ಲೂ ಇರಲಿಲ್ಲ. ನೀರು ಕೆಟ್ಟಿತು, ಹೊರಗಿನ ಮೀನು ತಂದು ಬಿಟ್ಟರು. 1979ರಿಂದ ಯಾರೂ ನೋಡಿಲ್ಲ, ನಶಿಸಿದೆ ಅಂತ ಘೋಷಿಸಿದ್ದಾರೆ. ನಮ್ಮಲ್ಲೂ ಮಲೇರಿಯಾ ಅಂತ ಬಾವಿಗೆ, ಕೆರೆಗೆ ಗಂಬೂಸಿಯಾ ಮೀನು ಬಿಡುತ್ತಾರಲ್ಲ, ಅವು ಸೊಳ್ಳೆ ಮರಿಯ ಜೊತೆ ಗೊದಮೊಟ್ಟೆಯನ್ನೂ ರುಚಿ ನೋಡುತ್ತವೆ.

ಕೊಡಿಯಾಲ್_ವಕೀಲ
ಮಲೇರಿಯಾ ಬಂದವರಿಗೆ ಗೊದಮೊಟ್ಟೆ ಲೆಕ್ಕ ಹೇಳಬೇಡಿ ಮಾರಾಯ್ರೆ. ನನಗೆ ಬಂದಿದೆ.

ಮಲ್ಪೆ_ಮಾಣಿ
ಟ್ಯಾಂಕಿಗೆ ಬಿಡಿ, ಬೇಡ ಅಂದವರು ಯಾರು? ಗದ್ದೆ ಬದಿಯ ಹೊಂಡಕ್ಕೆ ಯಾಕೆ?

ಗೋಳಿಬಜೆ
ಹೆಸರಿಟ್ಟರೆ ರಕ್ಷಣೆ ಅಂತ ಭಟ್ರು ಹೇಳುವುದನ್ನು ನಾನು ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ಲಾವೋಸ್ ಕಥೆ ಕೇಳಿ. 2002ರಲ್ಲಿ ಅಲ್ಲಿ ಒಂದು ಹೊಸ ನ್ಯೂಟ್‌ಗೆ ಲಾವೋಎನ್ಸಿಸ್ ಅಂತ ಹೆಸರಿಟ್ಟರು. ಕಪ್ಪು ಮೈ, ಬೆನ್ನ ಮೇಲೆ ಹಳದಿ ಪಟ್ಟೆ, ಬಹಳ ಚಂದ. ಪೇಪರ್‌ನಲ್ಲಿ ಸಿಕ್ಕಿದ ಜಾಗವನ್ನೂ ಬರೆದಿದ್ದರು, ಬರೆಯಲೇಬೇಕು. ಅದನ್ನೇ ಓದಿಕೊಂಡು ಸಾಕುಪ್ರಾಣಿ ವ್ಯಾಪಾರಿಗಳು ಆ ತೊರೆಗಳಿಗೆ ಹೋದರು. ಹಳ್ಳಿಯವರಿಗೆ ದುಡ್ಡು ಕೊಟ್ಟು ಹಿಡಿಸಿದರು. ಹೆಸರಿಟ್ಟವರೇ 2006ರಲ್ಲಿ 'ನಾವು ವಿವರಿಸಿದ್ದರಿಂದಲೇ ಅಪಾಯ ಬಂತು' ಅಂತ ಸೈನ್ಸ್ ಪತ್ರಿಕೆಗೆ ಬರೆದರು. ಅದಕ್ಕೂ ಆಮೇಲೆ ಜೀನಸ್ ಬದಲಾಯಿತು, ಈಗ ಲಾವೋಟ್ರೈಟನ್.

ಹಾಗಾಗಿ ಆಗುಂಬೆಯವರೇ, ಫೋಟೋ ಹಾಕುವಾಗ ಲೊಕೇಶನ್ ತೆಗೆದು ಹಾಕಿ. ಗೊದಮೊಟ್ಟೆಯಾದರೂ ಸರಿ.

ನಿವೃತ್ತ_ಮೇಷ್ಟ್ರು_ಪುತ್ತೂರು
ನೋಡಿ, ನಾನು ಹೇಳಿದ್ದೂ ಅದೇ.

ಗೋಳಿಬಜೆ
ನೀವು ಹೇಳಿದ್ದು ಅದಲ್ಲ ಸರ್ 😀

ನೇತ್ರಾವತಿ_ದಂಡೆ
ಮೇಷ್ಟ್ರಿಗೆ ನಮ್ಮೂರಿನ ಉದಾಹರಣೆಯನ್ನೇ ಕೊಡುತ್ತೇನೆ. 2018ರಲ್ಲಿ ಮಂಗಳೂರಿನಲ್ಲೇ ಮೈಕ್ರೋಹೈಲಾ ಕೊಡಿಯಾಲ್ ಅಂತ ಪುಟ್ಟ ಕಪ್ಪೆ ಸಿಕ್ಕಿತು. ಕಾಡಿನಲ್ಲಿ ಅಲ್ಲ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಕೈಗಾರಿಕಾ ಜಾಗದಲ್ಲಿ. ಅದರ ಹತ್ತಿರದ ಸಂಬಂಧಿಗಳು ಇಲ್ಲಿಯವಲ್ಲ, ಆಗ್ನೇಯ ಏಷ್ಯಾದವು. ಹಡಗಿನಲ್ಲಿ ಮರದ ಜೊತೆ ಬಂದಿರಬಹುದು ಅಂತ ಅವರೇ ಬರೆದಿದ್ದಾರೆ. ಡಿಎನ್‌ಎ ನೋಡದೆ 'ಇದು ನಮ್ಮ ಮಾಮೂಲಿ ಸಣ್ಣ ಕಪ್ಪೆ' ಅಂತ ಬಿಟ್ಟಿದ್ದರೆ ಈ ಸಂಗತಿ ಬೆಳಕಿಗೇ ಬರುತ್ತಿರಲಿಲ್ಲ.

ಪಣಂಬೂರು_ಪಕ್ಕ
ನಮ್ಮ ಬಂದರಿಗೆ ಕಪ್ಪೆಯೂ ಇಂಪೋರ್ಟಾ!

ಕಾರ್ಕಳ_ಕಲ್ಲು
ಮೊದಲು ಇಲ್ಲಿಂದ ಎಕ್ಸ್‌ಪೋರ್ಟೂ ಆಗುತ್ತಿತ್ತು. ನಮ್ಮ ಅಜ್ಜನ ಕಾಲದಲ್ಲಿ ಮೊದಲ ಮಳೆಗೆ ಗ್ಯಾಸ್‌ಲೈಟ್ ಹಿಡಿದುಕೊಂಡು ಗದ್ದೆಗೆ ಇಳಿಯುತ್ತಿದ್ದರಂತೆ, ಗೋಣಿ ತುಂಬ ಕಪ್ಪೆ. ಕಾಲು ಮಾತ್ರ ವಿದೇಶಕ್ಕೆ. 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿದ ಮೇಲೆ ಬಿಟ್ಟರು.

ಲ್ಯಾಬ್_ಅಕ್ಕ_ಉಡುಪಿ
ಎಲ್ಲರೂ ಸ್ವಲ್ಪ ಇತ್ತ ಬನ್ನಿ. ಮುಚ್ಚಳ ತೆಗೆಸಿದೆವು. ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು. ಚಿಮುಟದಿಂದ ಚೀಟಿ ಎಳೆದೆ. ದಪ್ಪ ಕಾಗದ, ಪೆನ್ಸಿಲ್ ಬರಹ. ಮೇಲಿನ ಸಾಲು ಪೂರ್ತಿ ಮಾಸಿದೆ. ಎರಡನೇ ಸಾಲಿನಲ್ಲಿ 'ಡಾರ್ಜ್' ಅಂತ ಇಂಗ್ಲಿಷ್ ಅಕ್ಷರ ಸ್ಪಷ್ಟ ಇದೆ, ಮುಂದಿನದ್ದು ಪ್ರಾಣಿಯ ಕಾಲು ತಾಗಿ ಉಜ್ಜಿ ಹೋಗಿದೆ. ಸ್ಟಾಕ್ ರಿಜಿಸ್ಟರ್‌ನಲ್ಲೂ ಹುಡುಕಿದೆ. 'ನ್ಯೂಟ್, 1, ಕಲ್ಕತ್ತಾ' ಅಂತ ಸರಬರಾಜು ಮಾಡಿದವರ ಊರು ಮಾತ್ರ ಇದೆ.

ಕಪ್ಪೆ_ಭಟ್ರು
ಸಾಕು! ಕಲ್ಕತ್ತಾ ಅಂದರೆ ಅಂಗಡಿ, ಪ್ರಾಣಿಯ ಊರಲ್ಲ. 'ಡಾರ್ಜ್' ಇರುವುದೇ ಆಧಾರ. ಫಾರ್ಮಲಿನ್‌ನಲ್ಲಿ ಇಷ್ಟು ವರ್ಷ ಇದ್ದ ಮಾಂಸದಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ, ಬಣ್ಣ ಹೋಗಿದೆ, ಹಾಗಾಗಿ ಆ ಚೀಟಿಯೇ ನಿಮಗೆ ಗತಿ.

ಈಗ ಲೆಕ್ಚರರ್ ಹೇಳಿದ ಹೆಸರು ನಿಲ್ಲುತ್ತದೆ. ಆದರೆ ಅವರು ಕೊಟ್ಟ ಕಾರಣ ಸಾಲದು. 'ಈಗ ಎಲ್ಲ ಹಿಮಾಲಯಾನಸ್' ಅಂತಲ್ಲ. ಚೀಟಿಯಲ್ಲಿ ಮಣಿಪುರ ಅಂತ ಇದ್ದಿದ್ದರೆ ಈ ಹೆಸರು ಹಾಕುವ ಹಾಗಿರಲಿಲ್ಲ.

ನೇತ್ರಾವತಿ_ದಂಡೆ
ಒಂದು ಮಾತು. ಹಳೇ ಲೇಬಲ್ ಕಿತ್ತು ಬಿಸಾಡಬೇಡಿ, ಒಳಗಿನ ಚೀಟಿಯನ್ನು ತಿದ್ದಲೂ ಬೇಡಿ. ಅದನ್ನು ಹಾಗೇ ಒಳಗೆ ಹಾಕಿ, ಪಕ್ಕಕ್ಕೆ ಹೊಸ ಚೀಟಿ ಸೇರಿಸಿ. ಯಾರು, ಯಾವಾಗ, ಯಾಕೆ ಹೆಸರು ಬದಲಿಸಿದರು ಅಂತ ಬರೆಯಿರಿ. ನಾಳೆ ಡಾರ್ಜಿಲಿಂಗ್‌ನದ್ದೇ ಎರಡು ಪ್ರಭೇದ ಅಂತ ಯಾರಾದರೂ ಹೇಳಿದರೆ ಮುಂದೆ ಬರುವವರಿಗೆ ಬೇಕಾಗುತ್ತದೆ.

ನಿವೃತ್ತ_ಮೇಷ್ಟ್ರು_ಪುತ್ತೂರು
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಮತ್ತೆ ದಯವಿಟ್ಟು ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ತಿಂಗಳಲ್ಲಿ ನೀರೆಲ್ಲ ನೀಲಿ. ಪೆನ್ಸಿಲ್ಲು, ಇಲ್ಲವೇ ಇಂಡಿಯನ್ ಇಂಕ್. ಸ್ಪಾಟರ್ ಇಡುವಾಗ ಎರಡೂ ಹೆಸರಿಗೆ ಮಾರ್ಕ್ ಕೊಡಲು ಎಚ್‌ಒಡಿಗೆ ಹೇಳಿ. ಹುಡುಗರು ಓದಿದ ಪುಸ್ತಕ ಹಳೆಯದಾದರೆ ಅದು ಅವರ ತಪ್ಪಲ್ಲ.

ಲ್ಯಾಬ್_ಅಕ್ಕ_ಉಡುಪಿ
ಹೀಗೆ ಬರೆಯುತ್ತೇನೆ: 'ಟೈಲೋಟೋಟ್ರೈಟನ್ ಹಿಮಾಲಯಾನಸ್. ಹಿಂದೆ ವೆರುಕೋಸಸ್ ಎಂದು ಗುರುತಿಸಿತ್ತು. ಒಳಚೀಟಿಯ ಪ್ರಕಾರ ಡಾರ್ಜಿಲಿಂಗ್. ಕಲ್ಕತ್ತಾದಿಂದ ಖರೀದಿ.' ಕೆಳಗೆ ಇವತ್ತಿನ ತಾರೀಕು. ಸರ್ ಒಪ್ಪಿದ್ದಾರೆ, ಮಾರ್ಕಿನ ವಿಷಯ ಮಾತ್ರ ನೋಡುವ ಅಂದರು.

ಇನ್ನೊಂದು ಬಾಟಲಿ ಉಂಟು. ಎರೆಹುಳದ ಥರ ಉಂಗುರ ಉಂಗುರ, ಒಂದು ಗೇಣು ಉದ್ದ. 'ಇಕ್ತಿಯೋಫಿಸ್' ಅಂತ ಬರೆದಿದೆ. ಚೀಟಿಯೇ ಇಲ್ಲ. ಅಟೆಂಡರ್ ಹೇಳುವ ಪ್ರಕಾರ ಯಾರೋ ವಿದ್ಯಾರ್ಥಿ ತೋಟದಲ್ಲಿ ಸಿಕ್ಕಿದ ಎರಡು ತಲೆ ಹಾವು ಅಂತ ತಂದು ಕೊಟ್ಟದ್ದು.

ಕಪ್ಪೆ_ಭಟ್ರು
ಅರೆ, ಅದು ಇದಕ್ಕಿಂತ ಮಜಾ ಇದೆ! ಹಾವಲ್ಲ, ನಾನು ಮೊದಲು ಹೇಳಿದ ಕಾಲಿಲ್ಲದ ಸಿಸಿಲಿಯನ್. ಊರಿನದ್ದೇ ಆದರೆ ಇಕ್ತಿಯೋಫಿಸ್ ಎಂಬ ಜೀನಸ್ಸೇ ಆಗಿರಬೇಕು ಅಂತಿಲ್ಲ. ಗೆಜೆನಿಯೋಫಿಸ್ ಕೃಷ್ಣಿ ಅಂತ ಒಂದಕ್ಕೆ 1999ರಲ್ಲಿ ಹೆಸರಿಟ್ಟದ್ದು ಮಂಗಳೂರು ಹತ್ತಿರದ ಗುರುಪುರದ ಪ್ರಾಣಿಯಿಂದ. ಮಾಧವೈ ಅಂತ ಇನ್ನೊಂದು 2004ರಲ್ಲಿ ಬಂದದ್ದು ಕುಂದಾಪುರ ಕಡೆಯ ಮುದೂರಿನಿಂದ, ಅಂದರೆ ನಿಮ್ಮದೇ ಜಿಲ್ಲೆ.

ಭೂತಗನ್ನಡಿ ಹಿಡಿದು ಎರಡು ಕಡೆ ನೋಡಿ. ಕಣ್ಣು ಚುಕ್ಕೆಯಾಗಿ ಹೊರಗೆ ಕಾಣುತ್ತದಾ? ಗುದದ್ವಾರದ ಆಚೆ ಸಣ್ಣ ಮೊನಚು ಬಾಲ ಇದೆಯಾ? ಎರಡೂ ಇದ್ದರೆ ಇಕ್ತಿಯೋಫಿಸ್. ಕಣ್ಣು ಎಲುಬಿನ ಅಡಿಗೆ ಹೋಗಿ ಕಾಣದೆ, ಹಿಂದಿನ ತುದಿ ಬಾಲವಿಲ್ಲದೆ ಮೊಂಡಾಗಿದ್ದರೆ ಗೆಜೆನಿಯೋಫಿಸ್ ಇರಬಹುದು. ಮೈಯ ಬದಿಯಲ್ಲಿ ಹಳದಿ ಪಟ್ಟೆಯ ಗುರುತು ಉಳಿದಿದ್ದರೆ ಅದನ್ನೂ ಬರೆಯಿರಿ. ಹಾಗೇ ಆ ಅಟೆಂಡರ್ ನಿವೃತ್ತಿ ಆಗುವ ಮೊದಲು ಯಾವ ಊರಿನ ತೋಟ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಲ್ಯಾಬ್_ಅಕ್ಕ_ಉಡುಪಿ
ಕೇಳಿದೆ. ಹೆಬ್ರಿ ಕಡೆಯ ಹುಡುಗ ಅಂತೆ. ಕಣ್ಣು ನೋಡಲು ನಾಳೆ ಹಗಲು ಬೆಳಕು ಬೇಕು, ಕೋಣೆಯ ಟ್ಯೂಬ್‌ಲೈಟ್ ಹೋಗಿದೆ.